ಮೌಂಟನ್ ಬೈಕ್‌ಗೆ 1000 ವಾಟ್ ಮೋಟರ್ ಕಿಟ್: ಕೆಲವು ವರ್ಷ ಓಡಿಸಿದ ಮೇಲೆ ಬರೆಯುತ್ತಿದ್ದೇನೆ

ನನ್ನ ಮೌಂಟನ್ ಬೈಕ್‌ಗೆ 1000 ವಾಟ್‌ನ ಮಿಡ್-ಡ್ರೈವ್ ಕಿಟ್ ಹಾಕಿ ಕೆಲವು ವರ್ಷಗಳಾದವು. ಕೆಸರು, ಕಲ್ಲುದಾರಿ, ಉಸಿರು ಕಟ್ಟಿಸುವ ಏರು, ಎಲ್ಲ ಕಡೆ ಓಡಿಸಿದ್ದೇನೆ. ಮೋಟರ್ ಒಂದು ಸಲವೂ ಕೈಕೊಟ್ಟಿಲ್ಲ. ಆದರೆ ಸೈಕಲ್ ನಿಜವಾಗಿ ಚೆನ್ನಾಗಿ ಓಡತೊಡಗಿದ್ದು ಮೋಟರ್‌ನ ಪವರ್ ಇಳಿಸಿದ ಮೇಲೆ. ಅದನ್ನು ಹೇಳೋಕೆ ಅಂತಲೇ ಇಷ್ಟು ಬರೆಯುತ್ತಿದ್ದೇನೆ.

ಮಿಡ್-ಡ್ರೈವ್ ಅಂದರೆ ಮೋಟರ್ ಪೆಡಲ್ ಹತ್ತಿರ, ಬಾಟಮ್ ಬ್ರಾಕೆಟ್ (ಫ್ರೇಮ್‌ನಲ್ಲಿ ಪೆಡಲ್‌ನ ಅಚ್ಚು ಕೂರುವ ಕೊಳವೆ) ಜಾಗದಲ್ಲಿ ಕೂರುತ್ತದೆ. ಚೈನ್ ಮೂಲಕವೇ ಹಿಂದಿನ ಚಕ್ರ ತಿರುಗಿಸುತ್ತದೆ. ಹಾಗಾಗಿ ಸೈಕಲ್‌ನ ಗೇರೆಲ್ಲ ಮೋಟರ್‌ಗೂ ಸಿಗುತ್ತವೆ. ಚಕ್ರದ ನಡುವೆಯೇ ಕೂರುವ ಹಬ್ ಮೋಟರ್ ಸಪಾಟು ರಸ್ತೆಗೆ ಚೆನ್ನ, ಚೈನ್‌ಗೆ ಏನೂ ತೊಂದರೆ ಕೊಡುವುದಿಲ್ಲ. ಕಡಿದಾದ ಏರಿನಲ್ಲಿ ಮಾತ್ರ ಚಕ್ರದ ಜೊತೆ ಅದೂ ನಿಧಾನವಾಗುತ್ತದೆ, ಬ್ಯಾಟರಿಯ ಶಕ್ತಿಯಲ್ಲಿ ದೊಡ್ಡ ಪಾಲು ಸುಮ್ನೆ ಬಿಸಿಯಾಗಿ ಹೋಗುತ್ತದೆ. ಬೆಟ್ಟ ಹತ್ತುವವರು ಮಿಡ್-ಡ್ರೈವ್ ತಗೊಳ್ಳಿ.

ಕೂರಿಸುವುದು ಕಷ್ಟವೇನಲ್ಲ. ಕೊಳ್ಳುವ ಮೊದಲು ಬಾಟಮ್ ಬ್ರಾಕೆಟ್‌ನ ಅಗಲ ಅಳೆಯಿರಿ. 68 ಅಥವಾ 73 ಮಿಲಿಮೀಟರ್‌ನ ಥ್ರೆಡ್ ಇರುವ ಫ್ರೇಮ್ ಆದರೆ ಸುಲಭ. ಆಮೇಲೆ ಕಣ್ಣಿಡಬೇಕಾದ ಜಾಗ ಒಂದೇ, ಮೋಟರನ್ನು ಹಿಡಿದಿರುವ ಲಾಕ್‌ನಟ್. ಚೈನ್‌ರಿಂಗ್ (ಪೆಡಲ್ ಪಕ್ಕದ ಹಲ್ಲುಚಕ್ರ) ಮುಂದಕ್ಕೆ ತಿರುಗುವಾಗ ಮೋಟರ್‌ನ ಮೈ ಮೇಲಕ್ಕೆ, ಫ್ರೇಮ್‌ನ ಕೆಳಗಿನ ಓರೆ ಕೊಳವೆಯಾದ ಡೌನ್‌ಟ್ಯೂಬ್ ಕಡೆಗೆ ಒತ್ತುತ್ತದೆ. ನಟ್ ಸ್ವಲ್ಪ ಸಡಿಲವಾದರೂ ಪ್ರತಿ ಏರಿನಲ್ಲೂ ಕುಲುಕಿ ಕುಲುಕಿ ಇನ್ನಷ್ಟು ಸಡಿಲವಾಗುತ್ತದೆ. ನಾನು ನಟ್ ಮೇಲಿಂದ ಫ್ರೇಮ್‌ವರೆಗೆ ಬಿಳಿ ಪೇಂಟ್ ಪೆನ್ನಿನಲ್ಲಿ ಒಂದು ಗೆರೆ ಎಳೆದಿದ್ದೇನೆ. ಗೆರೆ ಮುರಿದು ಕಂಡರೆ ಸ್ಪ್ಯಾನರ್ ತೆಗೆಯುತ್ತೇನೆ.

ಈಗ ಪವರ್ ವಿಷಯ. 1000 ವಾಟ್ ಅಂತ ಬರೆದಿದ್ದರೂ 48 ವೋಲ್ಟ್ ಬ್ಯಾಟರಿಯಿಂದ 30 ಆಂಪಿಯರ್ ಎಳೆದಾಗ ಒಳಗೆ ಹೋಗುವುದು 1400 ವಾಟ್‌ಗೂ ಜಾಸ್ತಿ. ಇಷ್ಟು ಬೇಕಾ? ಒಂದು ಲೆಕ್ಕ ನೋಡಿ. ಸೈಕಲ್, ಸವಾರ ಸೇರಿ 100 ಕೆಜಿ ಅಂದುಕೊಳ್ಳಿ. ಶೇ. 10ರ ಏರನ್ನು ಗಂಟೆಗೆ 15 ಕಿ.ಮೀ. ವೇಗದಲ್ಲಿ ಹತ್ತೋಕೆ ಭಾರ ಎತ್ತಲು ಬೇಕಾಗುವುದು ಸುಮಾರು 400 ವಾಟ್. ನೆಲದ ಘರ್ಷಣೆ, ಗಾಳಿ ಸೇರಿಸಿದರೂ ಅದಕ್ಕಿಂತ ಒಂದಿಷ್ಟು ಹೆಚ್ಚು, ಅಷ್ಟೇ. ಅದರಲ್ಲಿ 100 ವಾಟ್ ನಮ್ಮ ಕಾಲೇ ಕೊಡುತ್ತದೆ.

ಫ್ಯಾಕ್ಟರಿ ಸೆಟ್ಟಿಂಗ್‌ನಲ್ಲಿ ಈ ಮೋಟರ್ ಒರಟು. ಇದರಲ್ಲಿರುವ ಸೆನ್ಸರ್‌ಗೆ ಪೆಡಲ್ ತಿರುಗುತ್ತಿದೆಯೋ ಇಲ್ಲವೋ ಅನ್ನುವುದು ಗೊತ್ತು, ಎಷ್ಟು ಬಲ ಹಾಕುತ್ತಿದ್ದೇವೆ ಅನ್ನುವುದು ಗೊತ್ತಿಲ್ಲ. ಜಲ್ಲಿ ಹರಡಿದ ತಿರುವಿನಲ್ಲಿ ಮೆಲ್ಲಗೆ ಅರ್ಧ ಸುತ್ತು ತುಳಿಯುತ್ತೀರಿ. ಮೋಟರ್ ಒಮ್ಮೆಲೇ ಎಳೆಯುತ್ತದೆ, ಹಿಂದಿನ ಟೈರ್ ಕಲ್ಲು ಚಿಮ್ಮಿಸಿ ಸುಮ್ನೆ ತಿರುಗುತ್ತದೆ, ಮುಂದಿನ ಚಕ್ರ ಹಗುರಾಗಿ ದಾರಿ ತಪ್ಪುತ್ತದೆ. ತುಳಿಯುವುದು ನಿಲ್ಲಿಸಿದ ಮೇಲೂ ಒಂದು ಕ್ಷಣ ತಳ್ಳುತ್ತಲೇ ಇರುತ್ತದೆ. ಪ್ರೋಗ್ರಾಮಿಂಗ್ ಕೇಬಲ್ ತರಿಸಿ ಕಂಪ್ಯೂಟರ್‌ಗೆ ಜೋಡಿಸಿದೆ. ಕರೆಂಟ್ ಮಿತಿಯನ್ನು 30ರಿಂದ 18 ಆಂಪಿಯರ್‌ಗೆ ಇಳಿಸಿದೆ. ಶುರುವಿನ ಎಳೆತ ಮೆತ್ತಗೆ ಮಾಡಿದೆ, ನಿಲ್ಲಿಸಿದಾಗಿನ ತಡ ಕಡಿಮೆ ಮಾಡಿದೆ, ಕೆಳಗಿನ ಅಸಿಸ್ಟ್ ಹಂತಗಳನ್ನು (ಮೋಟರ್ ಎಷ್ಟು ನೆರವು ಕೊಡಬೇಕು ಅನ್ನುವ ಹಂತಗಳು) ತುಂಬ ಸಣ್ಣದಾಗಿ ಇಟ್ಟೆ. ಅದೇ ತಿರುವಿನಲ್ಲಿ ಈಗ ಟೈರ್ ನೆಲ ಕಚ್ಚಿಕೊಂಡು ಹತ್ತುತ್ತದೆ. ಮೊದಲು ಇಳಿದು ತಳ್ಳುತ್ತಿದ್ದ ಏರುಗಳನ್ನೆಲ್ಲ ಕೂತೇ ಹತ್ತುತ್ತೇನೆ, ಕಾಲಿಗೂ ಒಳ್ಳೆ ಕೆಲಸ ಸಿಗುತ್ತದೆ. ಈ ಕಿಟ್‌ನಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟಿದ್ದು ಇದೇ.

ಖರ್ಚು ಮಾಡಿಸುವುದು ಚೈನ್. ಮನುಷ್ಯನ ಕಾಲಿಗೆ ಅಂತ ಮಾಡಿದ ಚೈನ್ ಮೇಲೆ ಇಷ್ಟು ಬಲ ಬಿದ್ದರೆ ಸವೆಯಲೇಬೇಕು, ಅಲ್ವಾ? ಮೋಟರ್ ಎಳೆಯುತ್ತಿರುವಾಗಲೇ ಗೇರ್ ಬದಲಿಸಿದರೆ ಫಟ್ ಅಂತ ಸದ್ದು ಬರುತ್ತದೆ. ಆ ಒಂದು ಸದ್ದಿಗೇ ಹಲ್ಲು ಮುರಿಯಬಹುದು, ಚೈನ್ ತುಂಡಾಗಬಹುದು. ಗೇರ್ ಕೇಬಲ್ ಅಲುಗಿದ ಕೂಡಲೇ ಮೋಟರ್ ನಿಲ್ಲಿಸುವ ಗೇರ್ ಸೆನ್ಸರ್ ಬೇರೆಯಾಗಿ ಸಿಗುತ್ತದೆ, ತಪ್ಪದೆ ಹಾಕಿಸಿ. ಹಿಂದಿನ ಸಣ್ಣ ಹಲ್ಲುಚಕ್ರದಲ್ಲಿ ಏರು ಹತ್ತಬೇಡಿ. 11 ಹಲ್ಲಿನದು ಬೇಗನೆ ಹಾಳಾಗುತ್ತದೆ, ಹಲ್ಲಿನ ತುದಿ ಒಂದೇ ಕಡೆಗೆ ಬಾಗಿ ಚೂಪಾಗುತ್ತದೆ. ಮೋಟರ್ ಕೂಡ ಹಗುರ ಗೇರಿನಲ್ಲಿ ಜೋರಾಗಿ ತಿರುಗುವಾಗಲೇ ತಣ್ಣಗಿರುತ್ತದೆ. ಮೋಟರ್‌ನ ಹೊರಮೈ ಉಬ್ಬಿರುವುದರಿಂದ ಚೈನ್‌ರಿಂಗ್ ಹೊರಗೆ ಸರಿದು ಕೂರುತ್ತದೆ, ಹಿಂದಿನ ಅತಿ ದೊಡ್ಡ ಹಲ್ಲುಚಕ್ರಕ್ಕೆ ಚೈನ್ ಓರೆಯಾಗಿ ಹೋಗುತ್ತದೆ. ಒಳಕ್ಕೆ ಬಾಗಿದ 42 ಹಲ್ಲಿನ ಚೈನ್‌ರಿಂಗ್ ಹಾಕಿದ ಮೇಲೆ ಅದು ಬಹುಪಾಲು ಸರಿಹೋಯಿತು.

ಮೋಟರ್, ಬ್ಯಾಟರಿ ಸೇರಿ ಸುಮಾರು 10 ಕೆಜಿ ಹೆಚ್ಚುತ್ತದೆ. ಮಿಡ್-ಡ್ರೈವ್‌ನಲ್ಲಿ ಇಳಿಜಾರಿನಲ್ಲಿ ಮೋಟರ್ ತಡೆಯುವುದಿಲ್ಲ, ಬ್ಯಾಟರಿಗೆ ಕರೆಂಟ್ ವಾಪಸ್ ಬರುವುದೂ ಇಲ್ಲ. ಎಲ್ಲ ಹೊರೆಯೂ ಬ್ರೇಕ್ ಮೇಲೆಯೇ. ಮುಂದೆ 203 ಮಿಲಿಮೀಟರ್ ಡಿಸ್ಕ್, ನಾಲ್ಕು ಪಿಸ್ಟನ್ ಕ್ಯಾಲಿಪರ್, ಮೆಟಲ್ ಪ್ಯಾಡ್ ಇಲ್ಲದೆ ಇಂಥ ಸೈಕಲನ್ನು ಬೆಟ್ಟದಿಂದ ಇಳಿಸಬಾರದು ಅನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ. ಬ್ರೇಕ್ ಹಿಡಿದಾಗ ಮೋಟರ್ ನಿಲ್ಲಿಸುವ ಸೆನ್ಸರ್ ಕೂಡ ಇರಲಿ.

ಬ್ಯಾಟರಿ ನನ್ನದು 52 ವೋಲ್ಟ್, 14 ಆಂಪಿಯರ್-ಅವರ್, ಅಂದರೆ ಸುಮಾರು 730 ವಾಟ್-ಅವರ್. 100 ಕೆಜಿಯನ್ನು 500 ಮೀಟರ್ ಎತ್ತರಕ್ಕೆ ಒಯ್ಯಲು 136 ವಾಟ್-ಅವರ್ ಶಕ್ತಿ ಬೇಕು. ಮೋಟರ್, ಚೈನ್‌ನಲ್ಲಿ ಆಗುವ ನಷ್ಟ ಸೇರಿಸಿದರೆ 180 ಅಂದುಕೊಳ್ಳಿ. ಎಷ್ಟು ಕಿಲೋಮೀಟರ್ ಬರುತ್ತೆ ಅಂತ ಕೇಳುವುದಕ್ಕಿಂತ ಎಷ್ಟು ಎತ್ತರ ಹತ್ತುತ್ತೀರಿ ಅಂತ ಲೆಕ್ಕ ಹಾಕಿದರೆ ದಾರಿಯಲ್ಲಿ ಬ್ಯಾಟರಿ ಖಾಲಿಯಾಗುವ ಭಯ ಇಲ್ಲ. ದಿನಬಳಕೆಗೆ ಪೂರ್ತಿ 58.8 ವೋಲ್ಟ್‌ವರೆಗೆ ತುಂಬಿಸುವುದಿಲ್ಲ, 57ರ ಹತ್ತಿರ ನಿಲ್ಲಿಸುತ್ತೇನೆ. ಸೆಲ್‌ಗಳ ಆಯಸ್ಸು ಹೆಚ್ಚುತ್ತದೆ. ಬ್ಯಾಟರಿಗೆ ಬೆಂಕಿ ಹೊತ್ತಿಕೊಳ್ಳುವ ಅಪಾಯ ಇರುವುದರಿಂದ ಚಾರ್ಜ್‌ಗೆ ಹಾಕಿ ಮಲಗಬೇಡಿ, ಹೊರಗೆ ಹೋಗುವ ಬಾಗಿಲ ಪಕ್ಕ ಇಡಬೇಡಿ.

ಕಾನೂನಿನ ವಿಷಯ ಕೊಳ್ಳುವ ಮೊದಲೇ ನೋಡಿಕೊಳ್ಳಿ. ಯುರೋಪಿಯನ್ ಒಕ್ಕೂಟದಲ್ಲಿ 250 ವಾಟ್, ಗಂಟೆಗೆ 25 ಕಿ.ಮೀ. ಮಿತಿ ದಾಟಿದರೆ ಅದನ್ನು ಸಾಮಾನ್ಯ ಸೈಕಲ್ ಅಂತ ಒಪ್ಪುವುದಿಲ್ಲ. ಬೇರೆ ಕಡೆಗಳಲ್ಲೂ ಇಂಥ ಮಿತಿಗಳಿವೆ. ಕಾಲುದಾರಿಗಳಲ್ಲಿ ನಡೆಯುವವರು ಕಂಡರೆ ನಾನು ಮೋಟರ್ ಆಫ್ ಮಾಡಿ ನಿಧಾನಕ್ಕೆ ದಾಟುತ್ತೇನೆ.

ನಿಮ್ಮ ಹತ್ತಿರ ಇಂತಿಷ್ಟೇ ಹಣ ಇದ್ದರೆ ಮೊದಲು ಬ್ರೇಕ್, ಆಮೇಲೆ ಒಳ್ಳೆಯ ಬ್ಯಾಟರಿ, ಆಮೇಲೆ ಮೋಟರ್. 750 ವಾಟ್‌ನ ಕಿಟ್ಟೂ ಬಹಳ ಜನರಿಗೆ ಸಾಕು. ನಾನು 1000ದ್ದನ್ನೇ ಮತ್ತೆ ಕೊಳ್ಳುತ್ತೇನೆ. ಯಾಕೆಂದರೆ ದೊಡ್ಡ ಮೋಟರನ್ನು ಕಡಿಮೆ ಪವರ್‌ನಲ್ಲಿ ಓಡಿಸಿದಾಗ ಉದ್ದ ಏರಿನ ಕೊನೆಯಲ್ಲೂ ಅದರ ಮೇಲೆ ಕೈ ಇಡಬಹುದು, ಬೆಚ್ಚಗಿರುತ್ತದೆ ಅಷ್ಟೇ.