ಡಿಸೆಂಬರ್ ವೀಕೆಂಡಿಗೆ ಚೆನ್ನೈಯಾ, ಹೈದರಾಬಾದಾ?

ಬೆಂಗಳೂರಿನ ಗೆಳೆಯರ ಗುಂಪುಗಳಿಗೆ ವರ್ಷದ ಕೊನೆಯ ರಜೆ ಅಂದ್ರೆ ಗೋವಾ ಬಿಟ್ಟು ಬೇರೆ ಊರೇ ತೋಚುವುದಿಲ್ಲ. ಆ ವಾರ ಗೋವಾ ದುಬಾರಿ, ಜನವೂ ಜಾಸ್ತಿ. ಅದಕ್ಕೇ ನಮ್ಮ ಗುಂಪು ಒಂದು ಡಿಸೆಂಬರ್ ಚೆನ್ನೈಗೆ ಹೋಯಿತು, ಮುಂದಿನದಕ್ಕೆ ಹೈದರಾಬಾದಿಗೆ. ಎರಡೂ ದೊಡ್ಡ ಊರು. ಎರಡೂ ಕಡೆ ಹೋಗಿ ಸೋಮವಾರ ಆಫೀಸಿಗೆ ಬಂದು ಕೂರಬಹುದು. ಆದರೆ ಚೆನ್ನೈ ನಸುಕಿಗೇ ಏಳುವ ಊರು, ಹೈದರಾಬಾದ್ ರಾತ್ರಿ ಮಲಗಲು ಒಪ್ಪದ ಊರು. ನಿಮ್ಮ ಗುಂಪು ಯಾವ ಥರದ್ದು ಅನ್ನೋದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಮೊದಲು ಪ್ರಯಾಣ. ಬೆಂಗಳೂರಿನಿಂದ ಚೆನ್ನೈಗೆ ಸುಮಾರು 350 ಕಿಲೋಮೀಟರ್, ಹೈದರಾಬಾದಿಗೆ ಸುಮಾರು 570. ಮೈಸೂರಿನಿಂದ ಬೆಂಗಳೂರು ಮೇಲೆ ಚೆನ್ನೈಗೆ ಹೋಗುವ ವಂದೇ ಭಾರತ್ 2022ರ ನವೆಂಬರ್‌ನಲ್ಲಿ ಶುರುವಾಯಿತು, ಬೆಂಗಳೂರಿನಿಂದ ಸುಮಾರು ನಾಲ್ಕೂವರೆ ಗಂಟೆಯಲ್ಲಿ ಮುಟ್ಟಿಸುತ್ತದೆ. ನಾವು ಹೋಗಿದ್ದು ಶುಕ್ರವಾರ ರಾತ್ರಿಯ ಮೇಲ್‌ನಲ್ಲಿ. ಬೆಳಕು ಹರಿಯುವ ಮೊದಲೇ ಸೆಂಟ್ರಲ್‌ನಲ್ಲಿ ಇಳಿಸಿತು. ವಾಪಸ್ ಬರುವಾಗ ಭಾನುವಾರ ಸಂಜೆಯ ಶತಾಬ್ದಿ. ರಾತ್ರಿ ಹನ್ನೊಂದರ ಸುಮಾರಿಗೆ ಬೆಂಗಳೂರು, ಆಮೇಲೆ ಅವರವರ ಮನೆಯ ಹಾಸಿಗೆ.

ಹೈದರಾಬಾದಿಗೂ 2023ರ ಸೆಪ್ಟೆಂಬರ್‌ನಿಂದ ವಂದೇ ಭಾರತ್ ಇದೆ. ಆದರೆ ಮಧ್ಯಾಹ್ನ ಯಶವಂತಪುರದಲ್ಲಿ ಹತ್ತಬೇಕು, ಕಾಚಿಗುಡ ತಲುಪುವಷ್ಟರಲ್ಲಿ ರಾತ್ರಿ ಹನ್ನೊಂದು. ಅಂದರೆ ಶುಕ್ರವಾರ ಅರ್ಧ ದಿನ ರಜೆ ಹೋಯಿತು. ನಮ್ಮಲ್ಲಿ ಅರ್ಧ ಜನಕ್ಕೆ ಆ ರಜೆ ಸಿಗಲಿಲ್ಲ, ಎಲ್ಲರೂ ಸ್ಲೀಪರ್ ಬಸ್ ಹಿಡಿದೆವು. ಹಬ್ಬದ ವಾರ ಖಾಸಗಿ ಬಸ್ಸಿನವರು ಕೇಳುವ ರೇಟು ನಿಮಗೂ ಗೊತ್ತಲ್ವಾ? ವಾಪಸ್ ಬರುವಾಗ ಸೋಮವಾರ ಬೆಳಿಗ್ಗೆ ಹೆಬ್ಬಾಳದಲ್ಲಿ ಬಸ್ಸು ನಿಂತಲ್ಲೇ ನಿಂತಿತು. ಒಬ್ಬ ಬಸ್ಸಿನಲ್ಲೇ ಲ್ಯಾಪ್‌ಟಾಪ್ ತೆಗೆದು ಮೀಟಿಂಗಿಗೆ ಕೂತ. ಪ್ರಯಾಣದ ಮಟ್ಟಿಗೆ ಚೆನ್ನೈ ಗೆದ್ದಿತು, ವಾದವೇ ಬೇಡ. ರೈಲಾದರೆ ಬುಕಿಂಗ್ ತೆರೆಯುವುದು 60 ದಿನ ಮೊದಲು. ರಜೆ ವಾರದ ಟಿಕೆಟ್‌ಗೆ ಅವತ್ತೇ ಕೂರಿ.

ಚೆನ್ನೈಯಲ್ಲಿ ನಮ್ಮ ಶನಿವಾರ ಶುರುವಾದದ್ದು ಮೈಲಾಪುರದಲ್ಲಿ. ಸೆಂಟ್ರಲ್ ಎದುರಿನ ಪಾರ್ಕ್ ಟೌನ್ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಹತ್ತಿದೆವು. ತಲೆಗೆ 5 ರೂಪಾಯಿ ಟಿಕೆಟ್. ಅವರ ಮಾರ್ಗಳಿ ಅಂದರೆ ನಮ್ಮ ಧನುರ್ಮಾಸ. ಕಪಾಲೀಶ್ವರನ ಗುಡಿಯ ಸುತ್ತಲಿನ ಮಾಡ ಬೀದಿಗಳಲ್ಲಿ ಮನೆ ಮುಂದೆ ನೀರು ಚಿಮುಕಿಸಿ ದೊಡ್ಡ ದೊಡ್ಡ ಕೋಲಂ, ಅಂದರೆ ರಂಗೋಲಿ, ಹಾಕಿರುತ್ತಾರೆ. ಒಬ್ಬಜ್ಜಿ ಸೊಂಟ ಬಗ್ಗಿಸಿ ನಿಂತೇ ಎಳೆಯುತ್ತಿದ್ದರು. ಬೆರಳ ಸಂದಿಯಿಂದ ಪುಡಿ ಇಳಿಯುತ್ತಿತ್ತು, ಒಂದು ಚುಕ್ಕಿಯೂ ತಪ್ಪಲಿಲ್ಲ. "ಲೇ, ನಾನು ಬಂದಿದ್ದು ಪಾರ್ಟಿಗೆ ಕಣೋ, ನೀನು ಧನುರ್ಮಾಸದ ಪೂಜೆಗೆ ಎಬ್ಬಿಸ್ತೀಯಲ್ಲೋ" ಅಂತ ನಮ್ಮ ಗುಂಪಿನ ನಿದ್ದೆಬಡುಕ ಗೊಣಗಿದ. ಪೊಂಗಲ್ ಹೊಟ್ಟೆಗೆ ಬಿದ್ದ ಮೇಲೆ ಸುಮ್ಮನಾದ.

ಚೆನ್ನೈಗೆ ಈ ತಿಂಗಳಲ್ಲೇ ಯಾಕೆ ಹೋಗಬೇಕು ಅಂದರೆ ನನ್ನ ಉತ್ತರ ಸಭಾ ಕ್ಯಾಂಟೀನು, ಅಂದರೆ ಕಛೇರಿ ನಡೆಸುವ ಸಂಗೀತ ಸಭೆಗಳ ಊಟದ ಮನೆ. ಡಿಸೆಂಬರ್ ಮಧ್ಯದಿಂದ ಹೊಸ ವರ್ಷದವರೆಗೆ ಊರ ತುಂಬ ಸಂಗೀತ ಕಛೇರಿ. 1927ರಲ್ಲಿ ಮದರಾಸಿನಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಜೊತೆಗೆ ಸಂಗೀತ ಸಮ್ಮೇಳನವೂ ಆಯಿತು. ಮರುವರ್ಷ ಮ್ಯೂಸಿಕ್ ಅಕಾಡೆಮಿ ಹುಟ್ಟಿತು, ಈ ಸೀಸನ್ ಬೆಳೆದದ್ದು ಅಲ್ಲಿಂದ. ಸಂಜೆಯ ದೊಡ್ಡ ಕಛೇರಿಗೆ ಟಿಕೆಟ್ ಬೇಕು. ಮಧ್ಯಾಹ್ನ ಎಳೆಯರು ಹಾಡುವ ಕಛೇರಿಗಳು ಬಹಳ ಕಡೆ ಪುಕ್ಕಟೆ. ಕ್ಯಾಂಟೀನಿಗಂತೂ ಸಂಗೀತವೇ ಗೊತ್ತಿರಬೇಕಾಗಿಲ್ಲ. ಟೋಕನ್ ತಗೊಂಡು ಕ್ಯೂ ನಿಂತರೆ ಬಾಳೆ ಎಲೆ ಊಟ. ಕಾಶಿ ಹಲ್ವ, ಸೊಪ್ಪಿನ ವಡೆ, ಬಿಸಿ ರಸಂ. ಪಕ್ಕದ ಟೇಬಲಿನ ಮಾಮಿಯೊಬ್ಬರು ವಡೆ ಮುರಿಯುತ್ತಲೇ ಬೆಳಗಿನ ಗಾಯಕರ ತೋಡಿ ರಾಗವನ್ನೂ ತುಂಡು ತುಂಡು ಮಾಡಿದರು. ಆ ವಿಮರ್ಶೆ ಕೇಳೋಕೇ ಇನ್ನೊಂದು ಕಾಫಿ ಹೇಳಿದೆವು. ಮಧ್ಯಾಹ್ನದ ಕಛೇರಿಯ ಕೊನೆಗೆ ಒಂದು ದೇವರನಾಮ ಬಂತು. ತಮಿಳು ಹುಡುಗಿಯ ಬಾಯಲ್ಲಿ ನಮ್ಮ ದಾಸರ ಕನ್ನಡ, ನಮ್ಮ ಸಾಲಿನವರೆಲ್ಲ ನೆಟ್ಟಗೆ ಕೂತರು.

ಸಂಜೆ ಸ್ಯಾಂಥೋಮ್ ಚರ್ಚಿನ ದೀಪ, ಮರೀನಾ ಮರಳು, ಮಾವಿನಕಾಯಿ ಬೆರೆಸಿದ ಬಟಾಣಿ ಸುಂಡಲ್. ನೀರಿಗೆ ಇಳಿಯಬೇಡಿ, ಸೆಳೆತ ಜೋರು. ಒಂಬತ್ತೂವರೆಗೆ ಊರು ಬಾಗಿಲು ಎಳೆದುಕೊಳ್ಳೋಕೆ ಶುರು ಮಾಡಿತು. ಪಾರ್ಟಿ ಹುಚ್ಚಿನವರಿಗೆ ಇಲ್ಲಿ ಮುಖ ಬಾಡುತ್ತದೆ. ಡಿಸೆಂಬರ್ ಆದರೂ ಮಧ್ಯಾಹ್ನ ಅಂಗಿ ಬೆನ್ನಿಗೆ ಅಂಟುತ್ತದೆ, ಅದೂ ಗೊತ್ತಿರಲಿ.

ಹೈದರಾಬಾದಿನಲ್ಲಿ ಎಲ್ಲ ತಿರುಗುಮುರುಗು. ಬೆಳಗಿನ ಚಳಿಗೆ ಸ್ವೆಟರ್ ಬೇಕು, ಎದ್ದರೆ ತಾನೆ! ಹಳೇ ಊರಿನಲ್ಲಿ ನಸುಕಿಗೇ ನಹಾರಿ ಅನ್ನುವ ಮಾಂಸದ ಸಾರು ಸಿಗುತ್ತದೆ ಅನ್ನೋದು ನಿಜ, ನಮ್ಮ ಗುಂಪು ಮಾತ್ರ ಅದರ ಮುಖ ನೋಡಲಿಲ್ಲ. ಲಾಡ್ ಬಜಾರಿನ ಬಳೆ ಅಂಗಡಿಗಳಿಗೆ ಹೇಗೂ ಹನ್ನೊಂದರ ಮೇಲೇ ಕಳೆ. ಹಗಲಿಗೆ ಸಾಲಾರ್‌ಜಂಗ್ ಮ್ಯೂಸಿಯಂ ಸಾಕು, ಶುಕ್ರವಾರ ಮಾತ್ರ ರಜೆ. ಅಲ್ಲಿನ ಗಡಿಯಾರದೊಳಗಿಂದ ಗಂಟೆಗೊಮ್ಮೆ ಪುಟ್ಟ ಗೊಂಬೆ ಬಂದು ಗಂಟೆ ಬಾರಿಸುತ್ತದೆ. ಹನ್ನೆರಡಕ್ಕೆ ಹನ್ನೆರಡು ಬಾರಿ ಬಾರಿಸುತ್ತದೆ ಅಂತ ಜನ ಆಗಲೇ ಬಂದು ಸೇರುತ್ತಾರೆ. ಗೋಲ್ಕೊಂಡಕ್ಕೆ ಬಿಸಿಲು ಇಳಿದ ಮೇಲೆ ಹೋಗಿ. ಫತೇ ದರ್ವಾಜಾದ ಕಮಾನಿನ ಕೆಳಗೆ ಚಪ್ಪಾಳೆ ತಟ್ಟಿದರೆ ಗುಡ್ಡದ ತುದಿಯ ಬಾಲಾ ಹಿಸಾರ್‌ನಲ್ಲಿ ಕೇಳುತ್ತದೆ. ನಾವು ಇಬ್ಬರನ್ನು ಮೇಲೆ ಕಳಿಸಿ, ಫೋನ್ ಹಚ್ಚಿಕೊಂಡೇ ಖಾತ್ರಿ ಮಾಡಿಕೊಂಡೆವು.

ರಾತ್ರಿಯಾದ ಮೇಲೆ ಮಾತ್ರ ಈ ಊರಿನ ಮುಂದೆ ಚೆನ್ನೈ ಏನೂ ಅಲ್ಲ. 1591ರ ಚಾರ್‌ಮಿನಾರ್ ಹಳದಿ ದೀಪದಲ್ಲಿ ನಿಂತಿರುತ್ತದೆ. ಕಾಲಡಿಯಲ್ಲಿ ಅತ್ತರು, ಬಳೆ, ಹಣ್ಣಿನ ಗಾಡಿ. ಇರಾನಿ ಚಹಾದ ಸಾಸರಿನಲ್ಲಿ ಉಸ್ಮಾನಿಯಾ ಬಿಸ್ಕತ್ತು. ಉಪ್ಪೂ ಅಲ್ಲ, ಸಿಹಿಯೂ ಅಲ್ಲ, ಅದ್ದಿ ಒಂದು ಕ್ಷಣ ತಡ ಮಾಡಿದರೆ ಕಪ್ಪಿನ ತಳ ಸೇರಿತು. ಮೆಟ್ರೋ ಹಳೇ ಊರಿನೊಳಗೆ ಹೋಗುವುದಿಲ್ಲ, ಎಂಜಿಬಿಎಸ್ ಸ್ಟೇಷನ್ನಿನಲ್ಲಿ ಇಳಿದು ಆಟೋ ಹಿಡಿಯಬೇಕು. ಅಲ್ಲಿ ನಮ್ಮ ಕಲಬುರಗಿ ಗೆಳೆಯನೇ ಗುಂಪಿನ ದೊರೆ. 1948ರವರೆಗೆ ಅವರ ಊರೂ ನಿಜಾಮರದೇ ಅಲ್ವಾ? "ನಕ್ಕೋ ಭಾಯ್, ಇತ್ತಾ ಕಾಯ್ಕು" (ಬೇಡ ಅಣ್ಣ, ಇಷ್ಟೊಂದು ಯಾಕೆ) ಅಂತ ದಖನಿಯಲ್ಲಿ ಅಂದ, ಆಟೋದವನು ನಕ್ಕು ರೇಟು ಇಳಿಸಿದ. ಬೆಂಗಳೂರಿನ ಹಿಂದಿ ಹಿಡಿದು ನಾವು ಕೇಳಿದ್ದರೆ ಒಂದು ರೂಪಾಯಿಯೂ ಇಳಿಯುತ್ತಿರಲಿಲ್ಲ.

ಬಿರಿಯಾನಿ ಬಗ್ಗೆ ಒಂದೇ ಮಾತು: ಹಸಿ ಮಾಂಸವನ್ನೇ ಮಸಾಲೆಯಲ್ಲಿ ನೆನೆಸಿ, ಅರೆಬೆಂದ ಅಕ್ಕಿಯಡಿ ದಮ್ ಕಟ್ಟುವ ಕಚ್ಚಿ ಬಿರಿಯಾನಿ ತಿನ್ನಿ. ಒಂದು ಪ್ಲೇಟು ಇಬ್ಬರಿಗೆ ಸಾಕು. ಗುಂಪಿನಲ್ಲಿ ಸಸ್ಯಾಹಾರಿಗಳೇ ಜಾಸ್ತಿ ಇದ್ದರೆ ಈ ಊರಿನ ಅರ್ಧ ಖುಷಿ ಅಲ್ಲೇ ಕಡಿಮೆಯಾಗುತ್ತದೆ. ಚೆನ್ನೈಯಲ್ಲಿ ಆ ತೊಂದರೆ ಇಲ್ಲ.

ರೂಮು ಎರಡೂ ಕಡೆ ಆ ವಾರ ತುಟ್ಟಿ, ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಒಟ್ಟು ಖರ್ಚು ಮಾತ್ರ ಹೈದರಾಬಾದಿನದೇ ಜಾಸ್ತಿ, ಮುಖ್ಯವಾಗಿ ಬಸ್ಸಿಗೆ ಮತ್ತು ಹೊಟ್ಟೆಗೆ.

ಎರಡೇ ದಿನ ಇದ್ದರೆ ನನ್ನ ವೋಟು ಚೆನ್ನೈಗೆ. ಆ ಕ್ಯಾಂಟೀನೂ ಆ ಬೀದಿಯೂ ಬೇರೆ ತಿಂಗಳಲ್ಲಿ ಸಿಗುವುದಿಲ್ಲ, ಚಾರ್‌ಮಿನಾರ್ ಎಲ್ಲಿಗೂ ಹೋಗುವುದಿಲ್ಲ. ಹೊರಡುವ ಮುಂಚೆ ಹವಾಮಾನ ನೋಡಿಕೊಳ್ಳಿ. 2023ರ ಡಿಸೆಂಬರ್ ಮೊದಲ ವಾರ ಮಿಚಾಂಗ್ ಚಂಡಮಾರುತಕ್ಕೆ ಚೆನ್ನೈ ನೀರಿನಲ್ಲಿ ನಿಂತಿತ್ತು. ಇನ್ನು ನಿಮ್ಮ ರಜೆ ಜನವರಿಗೆ ಜಾರಿದರೆ ಹೈದರಾಬಾದೇ ಸೈ. ಅಷ್ಟೊತ್ತಿಗೆ ಕ್ಯಾಂಟೀನುಗಳು ಒಲೆ ಆರಿಸಿರುತ್ತವೆ. ಇತ್ತ ನಾಂಪಲ್ಲಿಯಲ್ಲಿ ಜನವರಿ 1ಕ್ಕೆ ನುಮಾಯಿಷ್ ಮೇಳ ಶುರುವಾದರೆ ಒಂದೂವರೆ ತಿಂಗಳು ಇರುತ್ತದೆ. ಅಲ್ಲಿ ಸಂಜೆ ಮೇಲೆ ಹೋಗಿ, ಖಾಲಿ ಹೊಟ್ಟೆಯಲ್ಲಿ ಹೋಗಿ.