ಪಾಪ್-ಅಪ್ ಟ್ರಕ್ ಕ್ಯಾಂಪರ್: ಕೆಲವು ವರ್ಷ ಬಳಸಿ, ಅಲಾಸ್ಕಾವರೆಗೂ ಹೋಗಿ ಬಂದ ಮೇಲೆ

ಪಾಪ್-ಅಪ್ ಟ್ರಕ್ ಕ್ಯಾಂಪರ್, ಅಂದರೆ ಪಿಕಪ್ ಟ್ರಕ್ಕಿನ ಮೇಲೆ ಕೂರಿಸುವ ಪುಟ್ಟ ಮನೆ, ತಗೊಳ್ಳಬಹುದಾ ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ತಗೊಳ್ಳಿ, ತುಂಬ ಒಳ್ಳೆಯ ವಸ್ತು. ಆದರೆ ಕ್ಯಾಂಪರ್ ನೋಡಲು ಹೋಗುವ ಮುಂಚೆ ನಿಮ್ಮ ಟ್ರಕ್ಕಿನ ಡ್ರೈವರ್ ಬಾಗಿಲು ತೆರೆದು, ಕಂಬದ ಮೇಲೆ ಅಂಟಿಸಿರುವ ಹಳದಿ-ಬಿಳಿ ಚೀಟಿ ಓದಿ. ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಅಂತ ಅದರಲ್ಲಿ ಬರೆದಿರುತ್ತೆ. ಉದ್ದ ಪ್ರಯಾಣದ ತಯಾರಿ ಅನ್ನೋದು ಮುಕ್ಕಾಲು ಪಾಲು ಆ ಒಂದು ಅಂಕಿಯೊಳಗೆ ಬದುಕುವ ತಯಾರಿ.

ನಾವಿರುವುದು ಡೆನ್ವರ್ ಹತ್ತಿರ. ನಮ್ಮದು ಹೆಚ್ಚು ಭಾರ ಹೊರುವ 2500 ದರ್ಜೆಯ ಪೆಟ್ರೋಲ್ ಪಿಕಪ್, ಅದರ ಹಿಂದಿನ ತೊಟ್ಟಿಯಲ್ಲಿ ಕೂರುವ ಪಾಪ್-ಅಪ್ ಕ್ಯಾಂಪರ್. ಓಡುವಾಗ ಚಾವಣಿ ತಗ್ಗಿರುತ್ತೆ, ನಿಂತಾಗ ಮೇಲಕ್ಕೆ ಎತ್ತಿದರೆ ಸುತ್ತ ಬಟ್ಟೆಯ ಗೋಡೆ ಬಿಚ್ಚಿಕೊಳ್ಳುತ್ತೆ, ಡ್ರೈವರ್ ತಲೆಯ ಮೇಲ್ಭಾಗದಲ್ಲಿ ಹಾಸಿಗೆ. ಯೂಟಾ, ವಯೋಮಿಂಗ್ ಕಡೆ ತುಂಬ ಸುತ್ತಿದ್ದೇವೆ. ಆಮೇಲೆ ಮೊಂಟಾನಾ, ಕೆನಡಾದ ಆಲ್ಬರ್ಟಾ ದಾಟಿ ಡಾಸನ್ ಕ್ರೀಕ್‌ನಿಂದ ಶುರುವಾಗುವ ಅಲಾಸ್ಕಾ ಹೆದ್ದಾರಿ ಹಿಡಿದು ಕೊನೆಯವರೆಗೂ ಹೋದೆವು. ಕಂಪನಿಯ ಹೆಸರು ಹಾಕುತ್ತಿಲ್ಲ, ಏಕೆಂದರೆ ಬರೆಯುವುದರಲ್ಲಿ ಹೆಚ್ಚಿನದು ಈ ಜಾತಿಯ ಯಾವುದೇ ಕ್ಯಾಂಪರ್‌ಗೂ ಹೊಂದುತ್ತೆ.

ಈಗ ತೂಕ. ನಮ್ಮ ಬಾಗಿಲಿನ ಚೀಟಿಯಲ್ಲಿ 2,850 ಪೌಂಡ್. ನಾವು ನಾಲ್ಕು ಜನ, ಇಬ್ಬರು ಮಕ್ಕಳು ಸೇರಿ 480. ಉಳಿದದ್ದು 2,370. ಕ್ಯಾಂಪರ್ ಬ್ರೋಷರ್‌ನಲ್ಲಿ 1,480 ಪೌಂಡ್ ಅಂತಿತ್ತು. ಹಾಗಾದರೆ ಇನ್ನೂ 890 ಪೌಂಡ್ ಕೈಯಲ್ಲಿದೆ, ಬೇಕಾದಷ್ಟಾಯ್ತು ಅನ್ನಿಸುತ್ತೆ ಅಲ್ವಾ? ಅದು ಬರೀ ಖಾಲಿ ಡಬ್ಬದ ತೂಕ. ಫ್ರಿಜ್, ಹೀಟರ್, ಬಿಸಿಲು ತಡೆಯುವ ಪರದೆ, ಸೋಲಾರ್ ಹಲಗೆ, ನಾಲ್ಕು ಮೂಲೆಯ ಜ್ಯಾಕ್ ಎಲ್ಲ ಬೇರೆ, ನಮ್ಮದರಲ್ಲಿ ಅವೇ 350 ಪೌಂಡ್ ಆದವು. ನೀರು ಒಂದು ಗ್ಯಾಲನ್‌ಗೆ 8.34 ಪೌಂಡ್, 20 ಗ್ಯಾಲನ್ ಟ್ಯಾಂಕ್ ತುಂಬಿದರೆ 167. ಪ್ರೊಪೇನ್ ಸಿಲಿಂಡರ್‌ಗೆ 20 ಪೌಂಡ್ ಅಂತ ಹೆಸರೇ ಹೊರತು, ತುಂಬಿದಾಗ ಕಬ್ಬಿಣದ ಸಮೇತ ಒಂದೊಂದೂ 37ರ ಆಸುಪಾಸು, ಎರಡಕ್ಕೆ 74. ಎರಡು ಲಿಥಿಯಂ ಬ್ಯಾಟರಿ 56. ಟ್ರಕ್ ಚಾಸಿಗೆ ಕ್ಯಾಂಪರ್ ಬಿಗಿಯುವ ಟೈ-ಡೌನ್, ರಬ್ಬರ್ ಮ್ಯಾಟ್, ಮೆಟ್ಟಿಲು ಇವೆಲ್ಲ ಸೇರಿ ಒಂದು 100. ಕಳೆದು ನೋಡಿ, ಉಳಿಯುವುದು 143 ಪೌಂಡ್, ಅಂದರೆ 65 ಕೆಜಿ. ನಾಲ್ಕು ಜನರ ಬಟ್ಟೆ, ಹೊದಿಕೆ, ಅಕ್ಕಿ ಬೇಳೆ, ಕುಕ್ಕರ್, ಟೂಲ್ ಪೆಟ್ಟಿಗೆ, ಕುರ್ಚಿ, ಎಲ್ಲ ಅಷ್ಟರಲ್ಲೇ. ಗಾಡಿಯ ಪೆಟ್ರೋಲ್ ಇದರಲ್ಲಿ ಸೇರಿಸಬೇಕಿಲ್ಲ, ಟ್ಯಾಂಕ್ ತುಂಬಿದ ಲೆಕ್ಕದಲ್ಲೇ ಆ ಚೀಟಿ ಬಂದಿರುತ್ತೆ. ಡೀಲರ್ ಹೇಳಿದ ಅಂತ ಇದನ್ನೇ ಇನ್ನೂ ಕಮ್ಮಿ ಭಾರ ಹೊರುವ 1500 ದರ್ಜೆಯ ಟ್ರಕ್ ಮೇಲೆ ಹೇರಿಕೊಂಡವರನ್ನು ನೋಡಿದ್ದೇನೆ. ಪಾಪ, ಹೊರಡುವ ಮುಂಚೆಯೇ ಅವರ ಲೆಕ್ಕ ಮುಗಿದಿರುತ್ತೆ.

ಕಾಗದದ ಲೆಕ್ಕ ಮಾಡಿದ ಮೇಲೂ ಒಮ್ಮೆ ತೂಗಿಸಿ. ಹೆದ್ದಾರಿ ಪಕ್ಕದ ದೊಡ್ಡ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಅನ್ನುವ ಗಾಡಿ ತೂಗುವ ಕಟ್ಟೆ ಇರುತ್ತೆ, 15 ಡಾಲರ್ ಆಸುಪಾಸಿನಲ್ಲಿ ಕೆಲಸ ಮುಗಿಯುತ್ತೆ. ನೀರು, ಗ್ಯಾಸ್, ಪೆಟ್ರೋಲ್ ತುಂಬಿಸಿ, ಸಾಮಾನು ಹೇರಿ, ಮನೆಮಂದಿಯನ್ನೆಲ್ಲ ಕೂರಿಸಿಕೊಂಡೇ ಹೋಗಿ. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಬೇರೆ ಬೇರೆ ಬರೆದು ಕೊಡುತ್ತಾರೆ. ಒಟ್ಟು ತೂಕ ಮಿತಿಯೊಳಗಿದೆ ಅಂತ ಖುಷಿಪಟ್ಟು ಅಲ್ಲೇ ಬಿಡಬೇಡಿ, ಹಿಂದಿನ ಆಕ್ಸಲ್ ಅಂಕಿ ನೋಡಿ, ಕ್ಯಾಂಪರ್ ಭಾರ ಹೆಚ್ಚುಕಮ್ಮಿ ಪೂರ್ತಿ ಬೀಳುವುದು ಅಲ್ಲೇ. ಆ ಆಕ್ಸಲ್‌ನ ಮಿತಿಯೂ ಬಾಗಿಲ ಕಂಬದ ಇನ್ನೊಂದು ಚೀಟಿಯಲ್ಲಿ ಇರುತ್ತೆ. ಕ್ಯಾಂಪರ್ ಪಕ್ಕಕ್ಕೆ ಭಾರಕೇಂದ್ರದ ಗುರುತು ಅಂಟಿಸಿರುತ್ತಾರೆ, ಅದು ಹಿಂದಿನ ಆಕ್ಸಲ್‌ಗಿಂತ ಸ್ವಲ್ಪವಾದರೂ ಮುಂದೆ ಬರಬೇಕು. ಹಿಂದೆ ಹೋದರೆ ಟ್ರಕ್ಕಿನ ಮೂತಿ ಹಗುರಾಗುತ್ತೆ, ಸ್ಟಿಯರಿಂಗ್ ಹಿಡಿತ ಹೋಗುತ್ತೆ. ಮತ್ತೊಂದು ಮಾತು: ಹಿಂದಿನ ಸ್ಪ್ರಿಂಗ್ ಜೊತೆ ಏರ್‌ಬ್ಯಾಗ್ ಹಾಕಿಸಿದರೆ ಗಾಡಿ ಸಮ ನಿಲ್ಲುತ್ತೆ, ತಿರುವಿನಲ್ಲಿ ಓಲಾಟ ಕಮ್ಮಿ ಆಗುತ್ತೆ, ನಮಗೂ ಅದು ಇಷ್ಟವಾಗಿದೆ. ಆದರೆ ಚೀಟಿಯ ಅಂಕಿ ಅದರಿಂದ ಒಂದು ಪೌಂಡೂ ಏರುವುದಿಲ್ಲ.

ಟೈರ್ ಹೆಚ್ಚು ಭಾರ ತಡೆಯುವ ‘ಲೋಡ್ ರೇಂಜ್ ಇ’ ದರ್ಜೆಯದೇ ಇರಬೇಕು, 80 ಪಿಎಸ್‌ಐವರೆಗೆ ಗಾಳಿ ತಡೆಯುವವು. ಪಕ್ಕದ ಗೋಡೆಯಲ್ಲಿ ಡಿಓಟಿ ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಅಂದರೆ 2019ರ 23ನೇ ವಾರದಲ್ಲಿ ಮಾಡಿದ್ದು. ಹಳೆಯ ಟೈರ್ ಹಾಕಿಕೊಂಡು ಆ ಹೆದ್ದಾರಿ ಹಾಯುವ ಕೆನಡಾದ ಯೂಕಾನ್ ಕಡೆ ಹೋಗಬೇಡಿ. ಸ್ಟೆಪ್ನಿಯೂ ಅದೇ ದರ್ಜೆಯದಿರಲಿ, ಅದಕ್ಕೂ ಗಾಳಿ ನೋಡಿ. ತೊಟ್ಟಿಯಲ್ಲಿ ನುಣ್ಣನೆ ಪ್ಲಾಸ್ಟಿಕ್ ಹಾಸು ಇದ್ದರೆ ತೆಗೆದು ದಪ್ಪ ರಬ್ಬರ್ ಮ್ಯಾಟ್ ಹಾಕಿ, ಇಲ್ಲದಿದ್ದರೆ ಕ್ಯಾಂಪರ್ ಜಾರುತ್ತೆ. ಹೊರಟು 40-50 ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ ಟೈ-ಡೌನ್ ಮತ್ತೆ ಬಿಗಿ ಮಾಡಬೇಕು, ಮೊದಲ ಓಟದಲ್ಲಿ ಎಲ್ಲ ಸ್ವಲ್ಪ ಕೂತುಕೊಳ್ಳುತ್ತೆ. ಆಮೇಲೆ ದಿನಾ ಬೆಳಗ್ಗೆ ಒಮ್ಮೆ ಕೈಯಾಡಿಸಿದರೆ ಸಾಕು.

ಇಷ್ಟೆಲ್ಲ ಹೇಳುತ್ತಿರುವುದಕ್ಕೆ ಕಾರಣ ರಸ್ತೆ. ಅಲಾಸ್ಕಾ ಹೆದ್ದಾರಿಯನ್ನು 1942ರಲ್ಲಿ ಯುದ್ಧದ ಅವಸರಕ್ಕೆ ಕಟ್ಟಿದ್ದು. ಈಗ ಹೆಚ್ಚುಕಮ್ಮಿ ಪೂರ್ತಿ ಟಾರ್ ಆಗಿದೆ, ಚೆನ್ನಾಗಿಯೇ ಇದೆ. ಆದರೆ ಯೂಕಾನ್‌ನಲ್ಲಿ ಡಿಸ್ಟ್ರಕ್ಷನ್ ಬೇ ದಾಟಿ ಬೀವರ್ ಕ್ರೀಕ್ ಕಡೆ ಹೋಗುವಾಗ ನೆಲದಡಿಯ ನೀರು ಹೆಪ್ಪುಗಟ್ಟಿ ಕರಗಿ ರಸ್ತೆಯೇ ಅಲೆ ಅಲೆಯಾಗಿ ಎದ್ದಿರುತ್ತೆ. ಅಲ್ಲಿ ಗಂಟೆಗೆ 60-70 ಕಿಲೋಮೀಟರ್‌ಗಿಂತ ಜಾಸ್ತಿ ಹೋದರೆ ಹೇರಿದ್ದೆಲ್ಲ ಗಾಳಿಗೆ ಎದ್ದು ಕೆಳಗೆ ಅಪ್ಪಳಿಸುತ್ತೆ. ತೂಕ ಮಿತಿಯೊಳಗಿದ್ದ ನಮ್ಮ ಗಾಡಿಗೆ ಏನೂ ಆಗಲಿಲ್ಲ. ಅಲ್ಲಲ್ಲಿ ರಿಪೇರಿ ನಡೆಯುವ ಕಡೆ ಜಲ್ಲಿ ಸಿಡಿದು ಮುಂದಿನ ಗಾಜಿಗೆ ಏಟು ಬಿದ್ದೇ ಬೀಳುತ್ತೆ, ಇನ್ಶೂರೆನ್ಸ್‌ನಲ್ಲಿ ಗಾಜು ಸೇರಿದೆಯಾ ಕೇಳಿಕೊಳ್ಳಿ. ಅರ್ಧ ಟ್ಯಾಂಕ್ ಆದಾಗ ಬಂಕ್ ಕಂಡರೆ ತುಂಬಿಸಿಕೊಳ್ಳಿ, ಮುಂದಿನದು ಎಷ್ಟು ದೂರವೋ.

ಕರೆಂಟ್ ವಿಷಯ. ಹಳೆಯ ಸೀಸದ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಬೇಕು, ಲಿಥಿಯಂನಲ್ಲಿ ಹೆಚ್ಚುಕಮ್ಮಿ ಪೂರ್ತಿ ಸಿಗುತ್ತೆ, ತೂಕವೂ ಅರ್ಧಕ್ಕಿಂತ ಕಮ್ಮಿ. ಈ ತೂಕದ ಕಾರಣಕ್ಕೇ ನಾವು ಬದಲಾಯಿಸಿದ್ದು, ದುಡ್ಡು ವಸೂಲಾಗಿದೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಚಾರ್ಜ್ ಮಾಡಬಾರದು, ಆದ್ದರಿಂದ ಬ್ಯಾಟರಿ ಕ್ಯಾಂಪರ್ ಒಳಗಡೆ ಇರಲಿ. ಓಡುವಾಗ ಟ್ರಕ್ಕಿನಿಂದ ಚಾರ್ಜ್ ಆಗಬೇಕು ಅಂದರೆ ಟ್ರೇಲರ್ ಪ್ಲಗ್‌ನ ಸಣ್ಣ ತಂತಿ ಸಾಲದು. ದಪ್ಪ ತಂತಿ ಎಳೆದು 30 ಆಂಪಿಯರ್‌ನ ಡಿಸಿ-ಡಿಸಿ ಚಾರ್ಜರ್ ಹಾಕಿಸಿ. ಜೂನ್‌ನಲ್ಲಿ ಉತ್ತರದ ಕಡೆ ಹಗಲು ತುಂಬ ಉದ್ದ ನಿಜ, ಆದರೆ ಮರದ ನೆರಳು, ಮೋಡ, ಮಳೆ ಎಲ್ಲ ಇರುತ್ತೆ. ಬರೀ ಸೋಲಾರ್ ನಂಬಿಕೊಂಡು ಹೋಗಬೇಡಿ. ಗ್ಯಾಸ್ ಮತ್ತು ಕಾರ್ಬನ್ ಮಾನಾಕ್ಸೈಡ್ ಅಲಾರಂಗಳ ಹಿಂದೆ ಅವಧಿ ಮುಗಿಯುವ ತಾರೀಕು ಇರುತ್ತೆ, ಹೊರಡುವ ಮುಂಚೆ ತಿರುಗಿಸಿ ಓದಿ.

ನೀರಿನ ಟ್ಯಾಂಕಿಗೆ 15 ಗ್ಯಾಲನ್‌ಗೆ ಕಾಲು ಕಪ್ ಬ್ಲೀಚ್ ಹಾಕಿ ರಾತ್ರಿಯೆಲ್ಲ ಬಿಟ್ಟು ಚೆನ್ನಾಗಿ ತೊಳೆದರೆ ಸಾಕು. ಕ್ಯಾಂಪ್‌ಗ್ರೌಂಡ್‌ನಲ್ಲಿ ನೀರು ಸಿಗುವ ದಿನಗಳಲ್ಲಿ ನಾವು ಅರ್ಧ ಟ್ಯಾಂಕ್ ಮಾತ್ರ ತುಂಬಿಕೊಂಡು ಓಡುತ್ತೇವೆ, 80 ಪೌಂಡ್‌ಗೂ ಜಾಸ್ತಿ ಇಳಿಯುತ್ತೆ.

ನನಗೆ ಬೇಜಾರು ಇರುವುದು ಎರಡು ವಿಷಯಕ್ಕೆ. ಒಂದು, ಸೋರಿಕೆ. ಎರಡನೇ ಚಳಿಗಾಲ ಕಳೆದ ಮೇಲೆ ಕಿಟಕಿಯ ಮೂಲೆಯಲ್ಲಿ ನೀರು ಇಳಿಯಲು ಶುರುವಾಯ್ತು. ಮಾರಿದ ಡೀಲರ್‌ಗೆ ಹೇಳಿದರೆ ಬೇಸಿಗೆ ಮುಗಿದ ಮೇಲಿನ ತಾರೀಕು ಕೊಟ್ಟರು! ಬೇಸಿಗೆಗೇ ಅಲ್ವಾ ಜನ ಇದನ್ನು ತಗೊಳ್ಳೋದು? ಕೊನೆಗೆ ನಾನೇ ಹಳೆಯ ಅಂಟು ಕೆರೆದು ಹೊಸದು ಹಾಕಿದೆ. ಈಗ ಪ್ರತಿ ವಸಂತದಲ್ಲಿ ಏಣಿ ಹಾಕಿ ಚಾವಣಿಯ ಪ್ರತಿಯೊಂದು ಕೀಲು, ಫ್ಯಾನ್ ಸುತ್ತ, ಸೋಲಾರ್ ತಂತಿ ಇಳಿಯುವ ತೂತು, ಎಲ್ಲ ಬೆರಳಿಂದ ಒತ್ತಿ ನೋಡುತ್ತೇನೆ. ಚಾವಣಿಗೆ ಹಚ್ಚುವ ಅಂಟಿನ ಒಂದು ಟ್ಯೂಬ್, ರಿಪೇರಿ ಟೇಪ್ ಒಂದು ಸುರುಳಿ, ಫ್ಯೂಸ್‌ಗಳು, ನೀರಿನ ಪಂಪ್ ಒಂದು, ಇಷ್ಟು ಜೊತೆಯಲ್ಲೇ ಇರುತ್ತೆ.

ಇನ್ನೊಂದು, ಬಟ್ಟೆಯ ಗೋಡೆ. ಕರಡಿ ಓಡಾಡುವ ಜಾಗಗಳಲ್ಲಿ ಪಾಪ್-ಅಪ್‌ಗೆ ಎಲ್ಲ ಕಡೆ ಪ್ರವೇಶ ಇಲ್ಲ. ಇದನ್ನು ಯಾವ ಮಾರಾಟಗಾರರೂ ಬಾಯಿಬಿಟ್ಟು ಹೇಳುವುದಿಲ್ಲ. ಯೆಲ್ಲೋಸ್ಟೋನ್‌ನ ಫಿಶಿಂಗ್ ಬ್ರಿಡ್ಜ್ ಆರ್‌ವಿ ಪಾರ್ಕ್‌ನಲ್ಲಿ ಗಟ್ಟಿ ಗೋಡೆಯ ಗಾಡಿಗಳಿಗೆ ಮಾತ್ರ ಜಾಗ, ಬಟ್ಟೆ ಇದ್ದರೆ ಬಿಡುವುದಿಲ್ಲ. ಕೆನಡಾದ ಲೇಕ್ ಲೂಯಿಸ್‌ನಲ್ಲಿ ಎರಡು ಕ್ಯಾಂಪ್‌ಗ್ರೌಂಡ್, ಒಂದು ಗಟ್ಟಿ ಗೋಡೆಯವರಿಗೆ, ಇನ್ನೊಂದು ಸುತ್ತ ಕರೆಂಟ್ ಬೇಲಿ ಹಾಕಿದ್ದು, ಟೆಂಟ್ ಮತ್ತು ನಮ್ಮಂಥವರಿಗೆ. ಬುಕ್ ಮಾಡುವಾಗ ಸರಿಯಾದದ್ದನ್ನೇ ಆರಿಸಿ. ಬೇಲಿಯೊಳಗಿನ ಜಾಗ ತುಂಬ ಚೆನ್ನಾಗಿದೆ, ನಮಗೆ ಒಳ್ಳೆ ನಿದ್ದೆ ಬಂತು. ಕರಡಿ ಸ್ಪ್ರೇ ಕೆನಡಾದೊಳಗೆ ಒಯ್ಯಬಹುದು, ಪ್ರಾಣಿಗಳಿಗೆ ಅಂತ ಡಬ್ಬಿಯ ಮೇಲೆ ಬರೆದಿರಬೇಕು. ಮನುಷ್ಯರ ಮೇಲೆ ಬಳಸುವ ಪೆಪ್ಪರ್ ಸ್ಪ್ರೇ ಅಲ್ಲಿ ನಿಷಿದ್ಧ.

ಅಡುಗೆಗೂ ಈ ಬಟ್ಟೆಗೂ ಸಂಬಂಧ ಇದೆ. ಒಳಗೆ ಕುಕ್ಕರ್ ಕೂಗಿಸಿದರೆ ಹಬೆ ಎಲ್ಲ ಹೋಗಿ ಬಟ್ಟೆಗೆ ಕೂರುತ್ತೆ, ಬೆಳಗ್ಗೆ ಹಾಸಿಗೆ ತಣ್ಣಗೆ ತೇವ. ಚಾವಣಿಯ ಫ್ಯಾನ್ ಹಾಕಿ ಎದುರಿನ ಕಿಟಕಿ ತೆರೆದೇ ಅಡುಗೆ ಮಾಡಬೇಕು. ಒಗ್ಗರಣೆ ಮಾತ್ರ ಒಳಗೆ ಬೇಡವೇ ಬೇಡ. ಇಂಗು, ಸಾಸಿವೆ ವಾಸನೆ ಬಟ್ಟೆಯಲ್ಲಿ ತಿಂಗಳುಗಟ್ಟಲೆ ನಿಲ್ಲುತ್ತೆ, ಕರಡಿ ಸೀಮೆಯಲ್ಲಿ ಆ ವಾಸನೆಯ ಪಕ್ಕ ಮಲಗುವುದು ಯಾರಿಗೂ ಬೇಡ. ಕೆನಡಾದ ಎಷ್ಟೋ ಪಾರ್ಕ್‌ಗಳಲ್ಲಿ ಅಡುಗೆಗೆ ಅಂತಲೇ ಚಾವಣಿ ಹಾಕಿದ ಜಾಗ ಇದೆ, ನಾವು ಅಲ್ಲೇ ಸಣ್ಣ ಸ್ಟೌ ಇಟ್ಟುಕೊಳ್ಳುತ್ತಿದ್ದೆವು. ಹೊರಡುವ ಮುಂಚೆ ಮನೆಯಲ್ಲೇ ಚಟ್ನಿಪುಡಿ, ಸಾರಿನಪುಡಿ, ಹುರಿದು ಒಗ್ಗರಣೆ ಹಾಕಿದ ರವೆ, ಗೊಜ್ಜವಲಕ್ಕಿ ಪುಡಿ ಮಾಡಿಕೊಂಡು ಹೋದರೆ ಅರ್ಧ ಕೆಲಸ ಮುಗೀತು. ಇವೆಲ್ಲ ಹಗುರ, ನೀರು ಬಿಸಿ ಮಾಡಿದರೆ ಊಟ ಸಿದ್ಧ. ಗಾಜಿನ ಬಾಟಲಿ ಒಂದೂ ಬೇಡ, ಸ್ಟೀಲ್ ಡಬ್ಬಿಗಳನ್ನು ಟವೆಲ್‌ನಲ್ಲಿ ಸುತ್ತಿಡಿ. ಸಣ್ಣ ಕುಕ್ಕರ್‌ಗೆ ಮಾತ್ರ ತೂಕ ನೋಡಬೇಡಿ. ಕೊಲರಾಡೋದ ಎತ್ತರದ ಕ್ಯಾಂಪ್‌ಗಳಲ್ಲಿ ನೀರು 90 ಡಿಗ್ರಿ ಹತ್ತಿರವೇ ಕುದಿಯುತ್ತೆ, ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವಷ್ಟರಲ್ಲಿ ಗ್ಯಾಸ್ ಮುಗಿದಿರುತ್ತೆ. ಹಸಿ ಕರಿಬೇವು ತಗೊಂಡು ಹೋಗಬೇಡಿ. ಕಿತ್ತಳೆ-ನಿಂಬೆ ಗಿಡಗಳಿಗೆ ರೋಗ ತರುವ ಕೀಟ ಅದರ ಮೇಲೆ ಬರುತ್ತೆ ಅಂತ ಅಮೆರಿಕಾದ ಗಡಿಯಲ್ಲಿ ಕಸಿದುಕೊಳ್ಳುತ್ತಾರೆ, ಅಲಾಸ್ಕಾಕ್ಕೆ ಹೋಗುವಾಗ ಆ ಗಡಿ ದಾಟಲೇಬೇಕು.

ಕಾಗದಪತ್ರ ಬೇಗ ಹೇಳಿ ಮುಗಿಸುತ್ತೇನೆ. ಭಾರತದ ಪಾಸ್‌ಪೋರ್ಟ್, ಜೊತೆಗೆ ಅಮೆರಿಕಾದ ಗ್ರೀನ್ ಕಾರ್ಡ್ ಇದ್ದರೆ ಕೆನಡಾಕ್ಕೆ ವೀಸಾ ಬೇಕಿಲ್ಲ, ಎರಡನ್ನೂ ತೋರಿಸಿದರೆ ಆಯ್ತು. ಎಚ್-1ಬಿ ಮೇಲೆ ಇರುವವರಿಗೆ, ಊರಿಂದ ಬಂದ ಅಪ್ಪ-ಅಮ್ಮನಿಗೆ ಕೆನಡಾ ವೀಸಾ ಬೇಕೇ ಬೇಕು. ಅದಕ್ಕೆ ತಿಂಗಳುಗಳ ಮುಂಚೆ ಅರ್ಜಿ ಹಾಕಿ.

ಅಪ್ಪ-ಅಮ್ಮನನ್ನು ಇದರಲ್ಲೇ ಕರೆದುಕೊಂಡು ಹೋಗಬಹುದಾ ಅಂತ ನಮ್ಮ ಕಡೆಯವರು ಕೇಳುತ್ತಲೇ ಇರುತ್ತಾರೆ. ನಾನು ಬೇಡ ಅಂತೀನಿ. ಮೆಟ್ಟಿಲು ಎತ್ತರ, ಮೇಲಿನ ಹಾಸಿಗೆಗೆ ಹತ್ತುವುದು ಮಂಡಿ ನೋವಿರುವವರಿಗೆ ಆಗದ ಕೆಲಸ, ರಾತ್ರಿ ಎದ್ದು ಇಳಿಯುವುದು ಇನ್ನೂ ಕಷ್ಟ. ನಮ್ಮಂಥ ಗಾಡಿಯಲ್ಲಿ ಇನ್ನಿಬ್ಬರು ಹತ್ತಿದರೆ ಆ 143 ಪೌಂಡೂ ಹೋಗಿ ಮಿತಿ ದಾಟುತ್ತೆ. ಅವರು ಬಂದಾಗ ನಾವು ಕ್ಯಾಂಪರ್ ಅನ್ನು ಅದರ ಜ್ಯಾಕ್ ಮೇಲೆ ಇಳಿಸಿ ಮನೆಯ ಪಕ್ಕ ನಿಲ್ಲಿಸುತ್ತೇವೆ, ಮುಕ್ಕಾಲು ಗಂಟೆ ಕೆಲಸ. ಖಾಲಿ ಟ್ರಕ್‌ನಲ್ಲಿ ಎಲ್ಲರೂ ಆರಾಮಾಗಿ ಹೋಗಿ ಲಾಡ್ಜ್‌ನಲ್ಲಿ ಉಳಿಯುತ್ತೇವೆ. ಗಾಡಿ, ಮನೆ ಎರಡೂ ಒಂದೇ ಆಗಿರುವ ಮೋಟರ್‌ಹೋಮ್ ಇದ್ದಿದ್ದರೆ ಈ ಅನುಕೂಲ ಸಿಗುತ್ತಿರಲಿಲ್ಲ.

ಪಾಪ್-ಅಪ್ ಬೇಕಾ, ಗಟ್ಟಿ ಗೋಡೆಯದು ಬೇಕಾ ಅನ್ನೋದಕ್ಕೆ ನಿಮ್ಮ ಬಾಗಿಲಿನ ಚೀಟಿಯೇ ಉತ್ತರ. ಅದರಲ್ಲಿ 4,000 ಪೌಂಡ್ ಹತ್ತಿರ ಇದ್ದು ನೀವು ಹೆಚ್ಚಾಗಿ ಕರಡಿ ಸೀಮೆಯಲ್ಲೇ ತಿರುಗುವವರಾದರೆ ಗಟ್ಟಿ ಗೋಡೆಯದು ನೋಡಿ. 3,000ದ ಒಳಗಿದ್ದರೆ ಪಾಪ್-ಅಪ್, ಅದೂ ಆದಷ್ಟು ಕಮ್ಮಿ ಆಪ್ಷನ್ ಹಾಕಿಸಿದ್ದು.