ಕಾರ್ಪಲ್ ಟನಲ್ ಆಪರೇಷನ್: ಮೊದಲು ಹೇಳುವ ಮೊತ್ತ ನಂಬಿ ದಿನ ಗೊತ್ತುಮಾಡಬೇಡಿ

ಕಾರ್ಪಲ್ ಟನಲ್ ಆಪರೇಷನ್, ಅಂದರೆ ಮಣಿಕಟ್ಟಿನಲ್ಲಿ ಒತ್ತಿಕೊಂಡ ನರವನ್ನು ಬಿಡಿಸುವ ಆಪರೇಷನ್, ಮಾಡಿಸಬೇಕೆಂದು ಓಡಾಡುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ಅಕ್ಕನ ಬಲಗೈಗೆ ಈ ಆಪರೇಷನ್ ಆಯಿತು. ಕೈ ಈಗ ಚೆನ್ನಾಗಿದೆ, ಸರ್ಜನ್ ಕೆಲಸದ ಬಗ್ಗೆ ನನ್ನದೇನೂ ತಕರಾರಿಲ್ಲ. ತಕರಾರು ಇರುವುದು ದುಡ್ಡಿನ ವಿಷಯದಲ್ಲಿ ನಮ್ಮನ್ನು ಕತ್ತಲಲ್ಲಿಟ್ಟ ರೀತಿಗೆ. ಡಿಸ್ಚಾರ್ಜ್ ಹೊತ್ತಿಗೆ ಕೈಗೆ ಬಂದ ಬಿಲ್ಲು ಮೊದಲು ಬಾಯಲ್ಲಿ ಹೇಳಿದ ಮೊತ್ತದ ಹತ್ತಿರ ಹತ್ತಿರ ಎರಡರಷ್ಟಿತ್ತು. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಬಿಲ್ಲು ಹೇಗೆ ಬೆಳೆಯಿತು ಅನ್ನುವುದು ತಿಳಿದರೆ ಎಲ್ಲಿ ಮಾಡಿಸಿದರೂ ನಿಮಗೆ ಉಪಯೋಗಕ್ಕೆ ಬರುತ್ತದೆ.

ಅಕ್ಕ ಬಟ್ಟೆ ಹೊಲಿದು ಸಂಪಾದಿಸುವವಳು. ರಾತ್ರಿ ಮಲಗಿದರೆ ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಜೋಮು ಹಿಡಿದು ಎಚ್ಚರವಾಗುತ್ತಿತ್ತು, ಕೈ ಕೊಡವಿದರೆ ಸ್ವಲ್ಪ ಸರಿಹೋಗುತ್ತಿತ್ತು. ಕಿರುಬೆರಳಿಗೆ ಏನೂ ಇರಲಿಲ್ಲ. ಮಣಿಕಟ್ಟಿನಲ್ಲಿ ಮೀಡಿಯನ್ ನರ ಒತ್ತಿಕೊಂಡಾಗ ಕಾಣುವ ಲಕ್ಷಣವೇ ಇದು. ಬೆರಳು ಮಡಚುವ ಒಂಬತ್ತು ಸ್ನಾಯುರಜ್ಜುಗಳ ಜೊತೆ ಈ ನರವೂ ಕಾರ್ಪಲ್ ಟನಲ್ ಎಂಬ ಇಕ್ಕಟ್ಟಿನ ದಾರಿಯಲ್ಲಿ ಹಾದುಹೋಗುತ್ತದೆ. ಅದರ ಮೇಲಿರುವ ಗಟ್ಟಿ ಪಟ್ಟಿಯನ್ನು ಕತ್ತರಿಸಿ ಜಾಗ ಮಾಡಿಕೊಡುವುದೇ ಆಪರೇಷನ್. ಹೆಚ್ಚಿನವರಿಗೆ ಕಾಲು ಗಂಟೆ, ಇಪ್ಪತ್ತು ನಿಮಿಷದೊಳಗೆ ಮುಗಿಯುವ ಕೆಲಸ, ಅದೇ ದಿನ ಮನೆಗೆ ಬರಬಹುದು. ಇಷ್ಟು ಸಣ್ಣ ಆಪರೇಷನ್‌ಗೆ ಇಷ್ಟು ದೊಡ್ಡ ಬಿಲ್ಲು ಹೇಗಾಗುತ್ತದೆ ಅನ್ನುವುದೇ ನಾನು ಹೇಳಹೊರಟಿರುವ ವಿಷಯ.

ಕೌಂಟರಿನಲ್ಲಿ ನಮಗೆ ಹೇಳಿದ್ದು "ಪ್ಯಾಕೇಜ್" ಮೊತ್ತ. ಪ್ಯಾಕೇಜ್ ಅಂದಮೇಲೆ ಎಲ್ಲ ಸೇರಿರುತ್ತದೆ ಎಂದುಕೊಳ್ಳುವುದು ಸಹಜ, ನಮಗೆ ಬೇರೆ ಥರ ಯಾರೂ ಹೇಳಲೂ ಇಲ್ಲ. ಬಿಲ್ಲು ಬಂದಾಗ ತಿಳಿದದ್ದೇನೆಂದರೆ ಆ ಮೊತ್ತದಲ್ಲಿದ್ದದ್ದು ಸರ್ಜನ್ ಫೀಸು ಮತ್ತು ಬೆಡ್ ಚಾರ್ಜು ಮಾತ್ರ. ಓಟಿ (ಆಪರೇಷನ್ ಥಿಯೇಟರ್) ಚಾರ್ಜು ಬೇರೆ. ಒಳಗೆ ನಡೆದದ್ದು ಇಪ್ಪತ್ತು ನಿಮಿಷದ ಕೆಲಸ, ಬಿಲ್ಲಿನಲ್ಲಿ ಪೂರ್ತಿ ಒಂದು ಗಂಟೆ. ಅರಿವಳಿಕೆ ಡಾಕ್ಟರ ಫೀಸು ಬೇರೆ. ಎದೆಯ ಎಕ್ಸ್‌ರೇ, ಇಸಿಜಿ, ಒಂದು ಪುಟ ತುಂಬುವಷ್ಟು ರಕ್ತಪರೀಕ್ಷೆ ಬೇರೆ. ಗ್ಲೌಸು, ಬ್ಲೇಡು, ಡ್ರೇಪು (ಆಪರೇಷನ್ ಹೊತ್ತಿಗೆ ಹೊದಿಸುವ ಬಟ್ಟೆ), ಹೊಲಿಗೆ ದಾರ ಎಲ್ಲ ಒಂದೇ ಸಾಲಿನಲ್ಲಿ "ಕನ್ಸ್ಯೂಮಬಲ್ಸ್" ಎಂದು, ಬಿಡಿ ಬಿಡಿ ಲೆಕ್ಕವೇ ಇಲ್ಲದೆ. ಕೊನೆಗೆ ಮಣಿಕಟ್ಟಿನ ಸ್ಪ್ಲಿಂಟು, ಅಂದರೆ ಮಣಿಕಟ್ಟು ಮಡಚದಂತೆ ಹಿಡಿದಿಡುವ ಪಟ್ಟಿ. ಅದೇ ಬಗೆಯ ವೆಲ್ಕ್ರೋ ಸ್ಪ್ಲಿಂಟನ್ನು ಅಕ್ಕ ತಿಂಗಳುಗಟ್ಟಲೆ ರಾತ್ರಿ ಕಟ್ಟಿಕೊಂಡು ಮಲಗಿದ್ದಳು, ಅವತ್ತೂ ಅದು ಅವಳ ಚೀಲದಲ್ಲೇ ಇತ್ತು. ಯಾರೂ ಕೇಳಲಿಲ್ಲ, ಹೊಸದೊಂದನ್ನು ಕೊಟ್ಟು ಬಿಲ್ಲಿಗೆ ಸೇರಿಸಿದರು.

ಇದರಲ್ಲಿ ನನಗೆ ಹೆಚ್ಚು ಬೇಸರ ತಂದದ್ದು ಅರಿವಳಿಕೆಯ ವಿಷಯ, ಅದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಈ ಆಪರೇಷನ್ನಿನ ಖರ್ಚನ್ನು ನಿರ್ಧರಿಸುವುದು ಸರ್ಜನ್ ಕೈಯಲ್ಲಿರುವ ಬ್ಲೇಡಿಗಿಂತ ಹೆಚ್ಚಾಗಿ ಯಾವ ಜಾಗದಲ್ಲಿ, ಯಾವ ಅರಿವಳಿಕೆಯಲ್ಲಿ ಮಾಡುತ್ತಾರೆ ಅನ್ನುವುದು. ಅಂಗೈಗಷ್ಟೇ ಮರಗಟ್ಟಿಸುವ ಇಂಜೆಕ್ಷನ್ (ಇದನ್ನೇ "ಲೋಕಲ್" ಅನ್ನುವುದು) ಕೊಟ್ಟು, ಪೇಷಂಟ್ ಪೂರ್ತಿ ಎಚ್ಚರವಾಗಿದ್ದು ಮಾತಾಡುತ್ತಿರುವಾಗಲೇ ಇದನ್ನು ಮಾಡಬಹುದು. ಮರಗಟ್ಟಿಸುವ ಔಷಧಿಯಾದ ಲಿಡೋಕೇನ್ ಜೊತೆ ಅಡ್ರಿನಲಿನ್ ಬೆರೆಸಿ ಕೊಟ್ಟರೆ ರಕ್ತ ಸುರಿಯುವುದೂ ಕಡಿಮೆ, ತೋಳಿಗೆ ಬಿಗಿಯುವ ಟೂರ್ನಿಕೇ ಪಟ್ಟಿಯೂ ಬೇಡ. ಹೀಗೆ ಮಾಡಿದರೆ ಸಾಮಾನ್ಯವಾಗಿ ಖಾಲಿಹೊಟ್ಟೆಯಲ್ಲಿ ಇರಬೇಕಿಲ್ಲ, ಮಂಪರು ಔಷಧಿ ಬೇಡ, ಅರಿವಳಿಕೆ ಡಾಕ್ಟರು ಬೇಡ, ಆರೋಗ್ಯವಾಗಿರುವವರಿಗೆ ಆ ಎಕ್ಸ್‌ರೇ, ಇಸಿಜಿಗಳ ಸಾಲೂ ಬೇಡ. ದೊಡ್ಡ ಓಟಿಯೇ ಆಗಬೇಕೆಂದಿಲ್ಲ, ಶುಚಿಯಾದ ಸಣ್ಣ ಪ್ರೊಸೀಜರ್ ರೂಮು ಸಾಕು. ಕೆನಡಾದಲ್ಲಿ ಈ ಆಪರೇಷನ್‌ಗಳು ಬಹುಪಾಲು ನಡೆಯುವುದೇ ಹೀಗೆ. ಅಂದರೆ ಈ ಒಂದು ಆಯ್ಕೆಯಿಂದ ಬಿಲ್ಲಿನ ಮೂರು ನಾಲ್ಕು ಸಾಲು ಒಟ್ಟಿಗೇ ಅಳಿಸಿಹೋಗುತ್ತವೆ.

ಎಲ್ಲರಿಗೂ ಇದು ಹೊಂದುವುದಿಲ್ಲ. ಎಚ್ಚರದಲ್ಲಿ ಕೈ ಕೊಯ್ಯಿಸಿಕೊಳ್ಳಲು ವಿಪರೀತ ಹೆದರುವವರಿದ್ದಾರೆ, ಒಮ್ಮೆ ಆಪರೇಷನ್ ಆದ ಕೈಗೇ ಮತ್ತೆ ಮಾಡಬೇಕಾದವರಿದ್ದಾರೆ. ಅಂಥವರಿಗೆ ಡಾಕ್ಟರು ಬೇರೆ ದಾರಿ ಹೇಳಿದರೆ ಅದಕ್ಕೆ ಅರ್ಥವಿದೆ. ಆದರೆ ಅಕ್ಕನಿಗೆ ಬೇರೆ ಕಾಯಿಲೆ ಇಲ್ಲ, ಹೆದರುವ ಜೀವವೂ ಅಲ್ಲ. ಅವಳಿಗೆ ಇಂಥದ್ದೊಂದು ದಾರಿ ಇದೆ ಎಂದು ಒಬ್ಬರೂ ಬಾಯಿ ಬಿಡಲಿಲ್ಲ. ಆದ್ದರಿಂದ ನೀವೇ ಬಾಯಿಬಿಟ್ಟು ಕೇಳಿ: "ಲೋಕಲ್ ಕೊಟ್ಟು, ಮಂಪರು ಇಲ್ಲದೆ ಮಾಡಲು ಆಗುತ್ತದಾ? ಆಗದಿದ್ದರೆ ಯಾಕೆ?"

ಸಣ್ಣ ಗಾಯದೊಳಗೆ ಕ್ಯಾಮೆರಾ ತೂರಿಸಿ ಮಾಡುವ ಎಂಡೋಸ್ಕೋಪಿಕ್ ಆಪರೇಷನ್ ವಿಷಯವೂ ಹೀಗೆಯೇ. ಗಾಯ ಸಣ್ಣದು, ಬೇಗ ಕೆಲಸಕ್ಕೆ ಮರಳಬಹುದು ಎನ್ನುತ್ತಾರೆ, ಅದರಲ್ಲಿ ನಿಜವಿದೆ. ಆದರೆ ಕೆಲವು ತಿಂಗಳು ಕಳೆದ ಮೇಲೆ ನೋಡಿದರೆ ಜೋಮು ಹೋಗುವುದರಲ್ಲಾಗಲಿ ಹಿಡಿತದಲ್ಲಾಗಲಿ ಎರಡು ವಿಧಾನಕ್ಕೂ ದೊಡ್ಡ ವ್ಯತ್ಯಾಸ ಇರುವುದಿಲ್ಲ. ಕ್ಯಾಮೆರಾ, ಒಂದೇ ಸಲ ಬಳಸುವ ಬ್ಲೇಡು ಎಲ್ಲ ಸೇರಿ ಖರ್ಚು ಮಾತ್ರ ಏರುತ್ತದೆ. ನಾಲ್ಕು ದಿನ ಮುಂಚೆ ಕೆಲಸಕ್ಕೆ ಹೋದರೆ ನಿಮಗೆ ಬರುವ ಆದಾಯ ಆ ಹೆಚ್ಚಿನ ಖರ್ಚನ್ನು ಸರಿದೂಗಿಸುತ್ತದೆಯೇ ಎಂದು ನೋಡಿಕೊಂಡು ತೀರ್ಮಾನಿಸಿ.

ಇನ್ಶೂರೆನ್ಸ್ ಇದೆ ಎಂದು ನಿಶ್ಚಿಂತೆಯಿಂದ ಇರುವವರಿಗೆ ಎರಡು ಮಾತು. ಅನುಮೋದನೆ ಬಂದಿದೆ ಎಂದರೆ ಪೂರ್ತಿ ಬಿಲ್ಲು ಅವರೇ ಕಟ್ಟುತ್ತಾರೆ ಎಂದಲ್ಲ. ನಮ್ಮ ಕ್ಲೇಮಿನಲ್ಲಿ ಕನ್ಸ್ಯೂಮಬಲ್ಸ್ ಇಡೀ ಸಾಲನ್ನು ತಳ್ಳಿಹಾಕಿದರು, ಸ್ಪ್ಲಿಂಟಿನ ಹಣವನ್ನೂ ಕೊಡಲಿಲ್ಲ. ಸರ್ಜನ್ ಕಂಪನಿಯ ಪಟ್ಟಿಯಲ್ಲಿದ್ದು ಅರಿವಳಿಕೆ ಡಾಕ್ಟರು ಪಟ್ಟಿಯಲ್ಲಿ ಇಲ್ಲದೆಯೂ ಹೋಗಬಹುದು, ಇಬ್ಬರ ಬಗ್ಗೆಯೂ ಬೇರೆ ಬೇರೆಯಾಗಿ ವಿಚಾರಿಸಿ. ಪಾಲಿಸಿ ಹೊಸದಾಗಿದ್ದರೆ ಕಾಯುವ ಅವಧಿಯ ಷರತ್ತು ಈ ಆಪರೇಷನ್‌ಗೆ ಅನ್ವಯಿಸುತ್ತದೆಯೇ, ರಾತ್ರಿ ಉಳಿಯದ ಡೇಕೇರ್ ಚಿಕಿತ್ಸೆಗೆ ಹಣ ಕೊಡುತ್ತಾರೆಯೇ, ನಿಮ್ಮ ಕೈಯಿಂದ ಎಷ್ಟು ಪಾಲು ಹಾಕಬೇಕು ಎಂಬುದನ್ನೆಲ್ಲ ಬರಹದಲ್ಲೇ ತರಿಸಿಕೊಳ್ಳಿ. ಫೋನಿನಲ್ಲಿ ಯಾರೋ "ಆಗುತ್ತದೆ" ಅಂದದ್ದು ಕ್ಲೇಮಿನ ಹೊತ್ತಿಗೆ ನಿಲ್ಲುವುದಿಲ್ಲ.

ಯಾವ ಬಿಲ್ಲಿನಲ್ಲೂ ಕಾಣದ ಖರ್ಚು ಇನ್ನೊಂದಿದೆ. ಹೊಲಿಗೆ ಬಿಚ್ಚುವುದು ಸಾಮಾನ್ಯವಾಗಿ ಹತ್ತು ಹದಿನಾಲ್ಕು ದಿನಕ್ಕೆ, ನಮಗೆ ಅದಕ್ಕೂ ಬೇರೆ ಕನ್ಸಲ್ಟೇಶನ್ ಫೀಸು ಹಾಕಿದರು. ಕೂತು ಮಾಡುವ ಹಗುರ ಕೆಲಸದವರು ಒಂದೆರಡು ವಾರದಲ್ಲಿ ಕೆಲಸಕ್ಕೆ ಮರಳಬಹುದು, ಕೈಯಲ್ಲಿ ಬಲ ಹಾಕಿ ದುಡಿಯುವವರಿಗೆ ಆರರಿಂದ ಎಂಟು ವಾರವೂ ಬೇಕಾದೀತು. ಅಂಗೈಯ ಬುಡದಲ್ಲಿ, ಗಾಯದ ಎರಡೂ ಪಕ್ಕ, ಒತ್ತಿದರೆ ನೋಯುವುದು ಕೆಲವು ತಿಂಗಳು ಇರಬಹುದು. ಅಕ್ಕನಿಗೆ ಜೋಮು ಮೊದಲ ವಾರವೇ ಹೋಯಿತು, ಆದರೆ ದಪ್ಪ ಬಟ್ಟೆಗೆ ಕತ್ತರಿ ಹಾಕುವ ಬಲ ಬರಲು ತುಂಬ ಕಾಯಬೇಕಾಯಿತು. ಅಷ್ಟು ದಿನ ಅವಳ ಸಂಪಾದನೆ ನಿಂತಿತ್ತು. "ಒಂದು ವಾರ ಸಾಕು" ಎಂದು ಹೇಳಿ ಕಳಿಸಿದವರು ಅವಳು ಏನು ಕೆಲಸ ಮಾಡುತ್ತಾಳೆ ಎಂದು ಕೇಳಿಯೇ ಇರಲಿಲ್ಲ. ನಿಮ್ಮ ಕೆಲಸ ಇಂಥದ್ದು, ಕೈ ಹೀಗೆ ಹೀಗೆ ಬಳಸುತ್ತೇನೆ ಎಂದು ಹೇಳಿ, ಅದಕ್ಕೆ ತಕ್ಕ ಅವಧಿ ಕೇಳಿ, ಅಷ್ಟು ದಿನದ ಮನೆಖರ್ಚನ್ನೂ ಆಪರೇಷನ್ ಲೆಕ್ಕಕ್ಕೇ ಸೇರಿಸಿಕೊಳ್ಳಿ. ಕೆಲಸದಿಂದಲೇ ಬಂದ ತೊಂದರೆ ಎಂದು ಮಾಲೀಕರಿಂದ ಪರಿಹಾರ ಕೇಳುವ ಅವಕಾಶ ಇದ್ದರೆ ಆ ಕಾಗದಪತ್ರ ಆಪರೇಷನ್‌ಗೆ ಮೊದಲೇ ಆಗಲಿ.

ಖರ್ಚು ಉಳಿಸಲು ಹೋಗಿ ಕೈ ಕಳೆದುಕೊಳ್ಳಬೇಡಿ, ಇದನ್ನು ಕೈ ಮುಗಿದು ಕೇಳುತ್ತೇನೆ. ಹೆಬ್ಬೆರಳ ಬುಡದ ಮಾಂಸ ಕರಗುತ್ತಿದ್ದರೆ, ಜೋಮು ಹಗಲೂ ರಾತ್ರಿಯೂ ಬಿಡದೆ ಇದ್ದರೆ, ಹಿಡಿದ ವಸ್ತು ಕೈಜಾರುತ್ತಿದ್ದರೆ ತಡಮಾಡಬಾರದು. ನರ ತುಂಬ ದಿನ ನಲುಗಿದರೆ ಆಮೇಲೆ ಆಪರೇಷನ್ ಆದರೂ ಪೂರ್ತಿ ಚೇತರಿಸದೆ ಇರಬಹುದು. ನರ್ವ್ ಕಂಡಕ್ಷನ್ ಟೆಸ್ಟ್ (ನರ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ನೋಡುವ ಪರೀಕ್ಷೆ) ಬೇಕೆಂದು ಡಾಕ್ಟರು ಹೇಳಿದರೆ ಅದರಲ್ಲಿ ಜಿಪುಣತನ ಬೇಡ. ಕುತ್ತಿಗೆಯಲ್ಲಿ ನರ ಒತ್ತಿಕೊಂಡರೂ ಕೈ ಜೋಮು ಹಿಡಿಯುತ್ತದೆ, ಆಗ ಮಣಿಕಟ್ಟು ಕೊಯ್ದು ಪ್ರಯೋಜನವಿಲ್ಲ. ಮಣಿಕಟ್ಟಿನ ತೊಂದರೆಯೇ ಆಗಿದ್ದು ಸೌಮ್ಯವಾಗಿದ್ದರೆ ಮೊದಲು ಕೆಲವು ವಾರ ರಾತ್ರಿ ಸ್ಪ್ಲಿಂಟು, ಬೇಕಾದರೆ ಸ್ಟೀರಾಯ್ಡ್ ಇಂಜೆಕ್ಷನ್, ಜೊತೆಗೆ ಥೈರಾಯ್ಡ್ ಮತ್ತು ಸಕ್ಕರೆ ಪರೀಕ್ಷೆ. ಗರ್ಭಿಣಿಯರಿಗೆ ಬಂದದ್ದು ಹೆರಿಗೆಯ ನಂತರ ಎಷ್ಟೋ ಸಲ ತಾನಾಗಿಯೇ ಇಳಿಯುತ್ತದೆ. ಇವೇನನ್ನೂ ನೋಡದೆ ಮೊದಲ ಭೇಟಿಯಲ್ಲೇ ಆಪರೇಷನ್ ದಿನ ಕೊಡುವ ಕಡೆ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಪಡೆಯಿರಿ.

ಬಿಲ್ಲಿನ ವಿಷಯಕ್ಕೆ ಕೊನೆಗೆ ಏನಾಯಿತು ಎಂದು ಕೇಳುವವರಿಗೆ: ಪ್ರತಿ ವಸ್ತುವಿನ ಬಿಡಿ ಲೆಕ್ಕ ಕೊಡುವವರೆಗೆ ಉಳಿದ ಹಣ ಕಟ್ಟುವುದಿಲ್ಲ ಎಂದು ಭಾವ ಪಟ್ಟು ಹಿಡಿದರು. ಬಿಡಿ ಲೆಕ್ಕ ಬಂದಾಗ ಬಳಸದ ಡ್ರೆಸ್ಸಿಂಗ್ ಸಾಮಾನೂ ಅದರಲ್ಲಿತ್ತು. ಅದನ್ನು ತೆಗೆದರು, ಬಿಚ್ಚದೇ ಇದ್ದ ಸ್ಪ್ಲಿಂಟನ್ನು ವಾಪಸ್ಸು ತೆಗೆದುಕೊಂಡರು. ಓಟಿ ಚಾರ್ಜು ಮಾತ್ರ ಒಂದಿಷ್ಟೂ ಇಳಿಯಲಿಲ್ಲ, "ನಿಯಮ ಹಾಗೇ ಇದೆ" ಅಂದರು.

ಅಕ್ಕನ ಎಡಗೈಗೂ ಈಗ ಮಾಡಿಸಬೇಕಿದೆ. ಎರಡೂ ಕೈಗೆ ಒಟ್ಟಿಗೇ ಮಾಡಿಸಿದ್ದರೆ ಓಟಿ ಖರ್ಚು ಒಂದೇ ಸಲ ಆಗುತ್ತಿತ್ತು ಎನ್ನುವವರಿದ್ದಾರೆ. ಆದರೆ ಎರಡೂ ಕೈಗೆ ಕಟ್ಟು ಹಾಕಿಕೊಂಡವರಿಗೆ ಸ್ನಾನಕ್ಕೂ ಊಟಕ್ಕೂ ಇನ್ನೊಬ್ಬರು ಬೇಕು, ಮನೆಯಲ್ಲಿ ಹಾಗೆ ನೋಡಿಕೊಳ್ಳುವವರು ಇದ್ದರಷ್ಟೇ ಅದು ಲಾಭ. ಈ ಸಲ ಬೇರೆ ಕಡೆ ವಿಚಾರಿಸಿದ್ದೇವೆ. ಲೋಕಲ್ ಕೊಟ್ಟು ಪ್ರೊಸೀಜರ್ ರೂಮಿನಲ್ಲೇ ಮಾಡುತ್ತಾರಂತೆ, ಹೊಲಿಗೆ ಬಿಚ್ಚುವವರೆಗಿನ ಎಲ್ಲ ಖರ್ಚನ್ನೂ ಒಂದು ಹಾಳೆಯಲ್ಲಿ ಬರೆದು, ಏನೇನು ಸೇರಿಲ್ಲ ಅನ್ನುವುದನ್ನೂ ಕೆಳಗೆ ಬರೆದು, ಸಹಿ ಹಾಕಿ ಕೊಟ್ಟಿದ್ದಾರೆ.